ಟೂ ಇನ್ ಒನ್ ಮುಪ್ಪಿನಿಂದ ಸಾಯುವುದಿಲ್ಲ

ಹಳೆಯ ಸ್ಟೀರಿಯೊ ಟೇಪ್ ರೆಕಾರ್ಡರ್‌ಗಳನ್ನು ಸಂಗ್ರಹಿಸುವವರ ಕೈಗೆ ಒಂದು ಸೆಟ್ ಸಿಕ್ಕಿದರೆ ಅವರು ಮೊದಲು ಅದರ ಮುಖ ನೋಡುವುದಿಲ್ಲ. ಸೆಟ್ಟನ್ನು ಮಗುಚಿ, ಸೆಲ್ ಹಾಕುವ ಗೂಡಿನ ಮುಚ್ಚಳ ತೆಗೆಯುತ್ತಾರೆ. ಆ ಸೆಟ್ಟಿನ ಜಾತಕ ಇರುವುದು ಅಲ್ಲಿ. ಯಾವ ಕಾಲದಲ್ಲೋ ಹಾಕಿ ಮರೆತ ದಪ್ಪ ಸೆಲ್ಲುಗಳು ಒಡೆದು ಗೂಡಿಗೇ ಅಂಟಿಕೊಂಡಿರುತ್ತವೆ. ಸ್ಪ್ರಿಂಗುಗಳು ಹಸಿರು ಕಿಲುಬು ಹಿಡಿದು, ಬೆರಳು ತಾಗಿದರೆ ಪುಡಿಯಾಗಿ ಉದುರುತ್ತವೆ. ಸೋರಿದ ರಸ ವೈರಿನ ಗುಂಟ ಹರಿದು ಒಳಗಿನ ಬೋರ್ಡನ್ನೂ ಮುಟ್ಟಿರುತ್ತದೆ. ಸೆಟ್ಟನ್ನು ಮತ್ತೆ ನೇರ ಮಾಡಿದರೆ ಮುರಿದ ಆಂಟೆನಾ, ಥಿನ್ನರ್ ಹಾಕಿ ಒರೆಸಿದ್ದಕ್ಕೆ ಮಂಜುಗಟ್ಟಿದ ಕ್ಯಾಸೆಟ್ ಬಾಗಿಲು, ಕ್ರೋಮ್ ಅಂಚಿನ ಮೇಲೆ ಬಳಿದ ಕಪ್ಪು ಪೇಂಟು ಕಾಣುತ್ತದೆ. ಬಲ್ಲವರಿಗೆ ಕರುಳು ಚುರುಕ್ ಎನ್ನುವುದು ಇಲ್ಲಿಯೇ. 'ಹಳೇದಾಯ್ತಲ್ಲ, ಕೆಟ್ಟುಹೋಗಿದೆ' ಎಂದು ಒಡೆಯರು ವಯಸ್ಸಿನ ಮೇಲೆ ತಪ್ಪು ಹೊರಿಸುತ್ತಾರೆ. ಆದರೆ ಈಗ ಹೇಳಿದ ಹಾನಿಗಳಲ್ಲಿ ಒಂದಾದರೂ ವಯಸ್ಸಿನಿಂದ ಬಂದದ್ದಲ್ಲ. ಎಲ್ಲವೂ ಮನುಷ್ಯರ ಕೈಯಿಂದ ಅಥವಾ ಮರೆವಿನಿಂದ ಆದವು.

ಇಂಥ ಸೆಟ್ ಇನ್ನೂ ಮನೆಯಲ್ಲಿರುವವರಿಗೂ, ಈಗ ಹೊಸದಾಗಿ ಕೊಳ್ಳಲು ಹೊರಟವರಿಗೂ ಈ ಲೇಖನ ಹೇಳಹೊರಟಿರುವುದು ಒಂದೇ ಸೂತ್ರ: ಮರಳಿ ಮೊದಲಿನಂತೆ ಮಾಡಲಾಗದ ಯಾವ ಕೆಲಸವನ್ನೂ ಸೆಟ್ಟಿಗೆ ಮಾಡಬೇಡಿ, ತಾನಾಗಿ ಆಗಲೂ ಬಿಡಬೇಡಿ. ಧೂಳು ಕೂತರೆ ಒರೆಸಬಹುದು, ಬೆಲ್ಟ್ ಹೋದರೆ ಬದಲಿಸಬಹುದು, ಒಣಗಿದ ಕೆಪಾಸಿಟರ್ ತೆಗೆದು ಹೊಸದನ್ನು ಹಾಕಬಹುದು. ಆದರೆ ಕರಗಿದ ಪ್ಲಾಸ್ಟಿಕ್, ಕೊಯ್ದ ಕ್ಯಾಬಿನೆಟ್, ಗುಜರಿಗೆ ಹೋದ ಮೆಕ್ಯಾನಿಸಂ, ಅಳಿಸಿಹೋದ ಅಕ್ಷರ ಮರಳಿ ಬರುವುದಿಲ್ಲ. ಸೆಟ್ಟಿಗೆ ಆಗುವ ಪ್ರತಿಯೊಂದು ಹಾನಿಯನ್ನೂ ಈ ಒಂದು ಅಳತೆಗೋಲಿನಿಂದ ಅಳೆದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಈ ಪೆಟ್ಟಿಗೆ ನಮ್ಮ ಮನೆಗೆ ಬಂದ ದಾರಿ

ಫಿಲಿಪ್ಸ್ ಕಂಪನಿ ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿದ್ದು 1963ರಲ್ಲಿ, ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ. ಅದನ್ನು ರೂಪಿಸಿದ ತಂಡದ ಮುಂದಾಳು ಲೂ ಒಟೆನ್ಸ್. ರೇಡಿಯೊ ಮತ್ತು ಕ್ಯಾಸೆಟ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಸೆಟ್ಟುಗಳು ಅದೇ ದಶಕದಲ್ಲಿ ಬಂದವು. 1970ರ ದಶಕದ ನಡುವಿನಿಂದ 80ರ ದಶಕದ ನಡುವಿನವರೆಗೆ ಜಪಾನಿನ ಕಂಪನಿಗಳು ಅವನ್ನು ಬೆಳೆಸಿದ ಎತ್ತರವನ್ನು ಆಮೇಲೆ ಯಾರೂ ಮುಟ್ಟಲಿಲ್ಲ. ಅಮೆರಿಕದಲ್ಲಿ ಬೂಮ್‌ಬಾಕ್ಸ್ ಎಂದು ಕರೆಸಿಕೊಂಡ ಈ ಪೆಟ್ಟಿಗೆ ಹಿಪ್ ಹಾಪ್ ಸಂಗೀತದ ಗುರುತೇ ಆಯಿತು. ಎಲ್ಎಲ್ ಕೂಲ್ ಜೆ 1985ರಲ್ಲಿ ತಂದ 'ರೇಡಿಯೊ' ಆಲ್ಬಮ್ಮಿನ ಹೊದಿಕೆಯ ಮೇಲಿರುವುದು ಜೆವಿಸಿ ಕಂಪನಿಯ ಆರ್‌ಸಿ-ಎಂ90. ಇಂದು ಜಗತ್ತಿನ ಸಂಗ್ರಾಹಕರು ಬೆನ್ನು ಬಿದ್ದಿರುವ ಸೆಟ್ಟುಗಳಲ್ಲಿ ಅದೂ ಒಂದು, ಶಾರ್ಪ್ ಜಿಎಫ್-777 ಇನ್ನೊಂದು. 1979ರ ಜುಲೈ 1ರಂದು ಮಾರಾಟಕ್ಕೆ ಬಂದ ಸೋನಿ ಕಂಪನಿಯ ಮೊದಲ ವಾಕ್‌ಮನ್ ಟಿಪಿಎಸ್-ಎಲ್2 ಕೂಡ ಇದೇ ಕುಟುಂಬದ ಕೂಸು.

ನಮ್ಮಲ್ಲಿ ಇದಕ್ಕೆ ಹೆಸರು ಟೂ ಇನ್ ಒನ್. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಗೆ ಊರಿಗೆ ಬರುವಾಗ ತಂದ ನ್ಯಾಷನಲ್ ಪ್ಯಾನಾಸಾನಿಕ್, ಸ್ಯಾನ್ಯೊ, ಶಾರ್ಪ್ ಸೆಟ್ಟುಗಳು ಕರಾವಳಿಯ ಮನೆಗಳನ್ನು ಸೇರಿದವು. ಇತ್ತ ಫಿಲಿಪ್ಸ್, ಬುಷ್, ಬಿಪಿಎಲ್ ಸ್ಯಾನ್ಯೊ ಹೆಸರಿನ ಸೆಟ್ಟುಗಳು ಒಳನಾಡಿನ ಮನೆ, ಹೋಟೆಲು, ಟೆಂಟುಗಳಲ್ಲಿ ಹಾಡಿದವು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಅದಕ್ಕೆ ಹೆಸರು. ಸುಗಮ ಸಂಗೀತ ಸಭಾಂಗಣ ದಾಟಿ ಅಡುಗೆಮನೆಯ ಕಟ್ಟೆಯವರೆಗೆ ಬಂದದ್ದು ಈ ಪೆಟ್ಟಿಗೆಯ ಹೆಗಲೇರಿ. ಯಕ್ಷಗಾನ, ತಾಳಮದ್ದಳೆ, ಹರಿಕಥೆಗಳನ್ನು ರಾತ್ರಿಯಿಡೀ ಕೂತು ಧ್ವನಿಮುದ್ರಿಸಿಕೊಂಡ ಅಭಿಮಾನಿಗಳ ಮಡಿಲಲ್ಲಿದ್ದದ್ದೂ ಇದೇ ಪೆಟ್ಟಿಗೆ. ಹೀಗಾಗಿ ಇದರ ಹಾಳು ಒಬ್ಬ ಸಂಗ್ರಾಹಕನ ಹವ್ಯಾಸದ ನಷ್ಟದಲ್ಲಿ ಮುಗಿಯುವುದಿಲ್ಲ.

ಮೊದಲ ಶತ್ರು: ಒಳಗೆ ಮರೆತ ಸೆಲ್ಲು

ಹಾನಿಗಳಲ್ಲೆಲ್ಲ ದೊಡ್ಡದು ಸೆಲ್ಲಿನ ಸೋರಿಕೆ. ತಡೆಯಲು ಅತಿ ಸುಲಭವಾದದ್ದೂ ಅದೇ. ನಮ್ಮಲ್ಲಿ ಟಾರ್ಚಿಗೆ, ರೇಡಿಯೊಗೆ ಹಾಕುತ್ತಿದ್ದ ಅಗ್ಗದ ಸೆಲ್ಲುಗಳು ಸತು-ಇಂಗಾಲದವು. ಅವುಗಳಲ್ಲಿ ಹೊರಗಿನ ಸತುವಿನ ಡಬ್ಬಿಯೇ ಕರಗುತ್ತಾ ವಿದ್ಯುತ್ ಕೊಡುತ್ತದೆ. ಅಂದರೆ ಸೆಲ್ ಮುಗಿಯುತ್ತಾ ಬಂದಂತೆ ಅದರ ಗೋಡೆ ತೆಳುವಾಗುತ್ತದೆ, ಕೊನೆಗೊಂದು ದಿನ ತೂತಾಗುತ್ತದೆ. ಮುಗಿದ ಸೆಲ್ಲನ್ನು ಒಳಗೇ ಬಿಡುವುದೆಂದರೆ ಒಡೆಯಲು ತಯಾರಾಗಿರುವ ಪಾತ್ರೆಯನ್ನು ಸೆಟ್ಟಿನ ಹೊಟ್ಟೆಯಲ್ಲಿಟ್ಟಂತೆ. ಆಲ್ಕಲೈನ್ ಸೆಲ್ಲಿನ ರೀತಿ ಬೇರೆ. ಅದರೊಳಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕಟುವಾದ ಕ್ಷಾರವಿದೆ. ಖಾಲಿಯಾದ ಸೆಲ್ಲಿನಲ್ಲಿ ಅನಿಲ ಕಟ್ಟಿ, ಒತ್ತಡ ಹೆಚ್ಚಿ, ಸೀಲ್ ಬಿರಿದು ಕ್ಷಾರ ಹೊರಗೆ ಬರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಅದು ಬಿಳಿ ಹಿಟ್ಟಿನಂತೆ ಗಟ್ಟಿಯಾಗುತ್ತದೆ. ಒಳ್ಳೆಯ ಕಂಪನಿಯದು, ಬೆಲೆ ಹೆಚ್ಚಿನದು ಎಂದು ಆಲ್ಕಲೈನ್ ಸೆಲ್ಲನ್ನು ನಂಬಿ ಒಳಗೇ ಬಿಟ್ಟವರಿಗೂ ಇದೇ ಗತಿ. ದೊಡ್ಡ ಸೆಟ್ಟುಗಳಿಗೆ 8 ಅಥವಾ 10 ದಪ್ಪ ಸೆಲ್ಲು ಬೇಕು, ಅವುಗಳಲ್ಲಿ ಒಂದು ಸೋರಿದರೂ ಸಾಕು.

ಸೋರಿದ್ದು ಕಂಡರೆ ಚಾಕುವಿನಿಂದ ಕೆರೆಯಬೇಡಿ, ಉಪ್ಪುಕಾಗದವನ್ನೂ ಮೊದಲೇ ತರಬೇಡಿ. ಸ್ಪ್ರಿಂಗಿನ ಮೇಲಿನ ಲೇಪ ಒಮ್ಮೆ ಹೋದರೆ ತುಕ್ಕು ಮತ್ತೆ ಮತ್ತೆ ಬರುತ್ತದೆ. ಕೈಗೆ ಗ್ಲೌಸ್ ಹಾಕಿ, ಪ್ಲಗ್ ತೆಗೆದು, ಹಳೆಯ ಸೆಲ್ಲುಗಳನ್ನು ಹೊರಗೆ ತೆಗೆಯಿರಿ. ಅವುಗಳ ಮೇಲೆ ಆಲ್ಕಲೈನ್ ಎಂದು ಬರೆದಿದ್ದರೆ ಹತ್ತಿಯ ಕಡ್ಡಿಯನ್ನು ವಿನೆಗರ್ ಅಥವಾ ನಿಂಬೆ ರಸದಲ್ಲಿ ಅದ್ದಿ ಹಚ್ಚಿ. ಕ್ಷಾರಕ್ಕೆ ಆಮ್ಲ ತಾಗಿದಾಗ ಸಣ್ಣಗೆ ನೊರೆ ಏಳುತ್ತದೆ, ಹಿಟ್ಟು ಮೆತ್ತಗಾಗುತ್ತದೆ. ಮಾಮೂಲಿ ಸತು-ಇಂಗಾಲದ ಸೆಲ್ಲಾಗಿದ್ದರೆ ಅದರ ರಸ ಆಮ್ಲದ ಕಡೆಯದು, ಅದಕ್ಕೆ ನೀರಿನಲ್ಲಿ ಕಲಸಿದ ಅಡುಗೆ ಸೋಡಾ ಸರಿ. ಎರಡರಲ್ಲಿ ಯಾವುದನ್ನು ಹಚ್ಚಿದರೂ ಕಡ್ಡಿಯಲ್ಲೇ ಹಚ್ಚಬೇಕು, ಸುರಿಯಬಾರದು. ಆಮೇಲೆ ಒದ್ದೆ ಕಡ್ಡಿಯಿಂದ ಎರಡು ಸಲ ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪೂರ್ತಿ ಒಣಗಿಸಿ. ಇದಿಷ್ಟೂ ಅರ್ಧ ಗಂಟೆಯ ಕೆಲಸ. ಇದರ ತಂಟೆಯೇ ಬೇಡ ಎನ್ನುವವರಿಗೆ ಇನ್ನೂ ಸುಲಭದ ದಾರಿಯಿದೆ: ಹಾಡು ಕೇಳಿ ಮುಗಿದ ಮೇಲೆ ಸೆಲ್ ಹೊರಗೆ ತೆಗೆದಿಡುವುದು.

ಟೇಪು ನುಂಗುವುದು ಯಾಕೆ?

'ಈ ಸೆಟ್ ಕ್ಯಾಸೆಟ್ ತಿನ್ನುತ್ತೆ' ಎಂಬ ದೂರಿನ ಮೇಲೆ ಎಷ್ಟೋ ಸೆಟ್ಟುಗಳು ಗುಜರಿ ಸೇರಿವೆ. ಒಳಗೆ ನಡೆಯುವುದೇನೆಂದು ಗೊತ್ತಿದ್ದರೆ ಹಾಗೆ ಕೊಡುತ್ತಿರಲಿಲ್ಲ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಆ ವೇಗ ಕಾಯುವುದು ಕ್ಯಾಪ್‌ಸ್ಟನ್ ಎಂಬ ಸಣ್ಣ ಉಕ್ಕಿನ ಕಡ್ಡಿ. ಅದಕ್ಕೆ ಟೇಪನ್ನು ಒತ್ತಿ ಹಿಡಿಯುವುದು ಪಿಂಚ್ ರೋಲರ್ ಎಂಬ ರಬ್ಬರಿನ ಗಾಲಿ. ಈ ಎರಡರ ನಡುವಿನಿಂದ ಹೊರಬಂದ ಟೇಪನ್ನು ಬಲಗಡೆಯ ರೀಲು ಅಷ್ಟೇ ಚುರುಕಾಗಿ ಸುತ್ತಿಕೊಳ್ಳಬೇಕು. ಆ ರೀಲನ್ನು ತಿರುಗಿಸುವ ಬೆಲ್ಟ್ ಸಡಿಲವಾದರೆ ಕ್ಯಾಪ್‌ಸ್ಟನ್ ಟೇಪನ್ನು ತಳ್ಳುತ್ತಲೇ ಇರುತ್ತದೆ, ರೀಲು ಮಾತ್ರ ನಿಂತಿರುತ್ತದೆ. ಸುತ್ತಿಕೊಳ್ಳುವವರಿಲ್ಲದ ಟೇಪು ಕುಣಿಕೆಯಾಗಿ ಜಾರಿ, ಅಂಟಂಟಾದ ರೋಲರಿಗೆ ಹತ್ತಿ, ಅದಕ್ಕೇ ಸುತ್ತಿಕೊಳ್ಳುತ್ತದೆ. ಟೇಪು ನುಂಗುವುದೆಂದರೆ ಇಷ್ಟೇ. ಸೆಟ್ಟು ಸತ್ತಿಲ್ಲ, ಒಂದು ರಬ್ಬರು ಸೋತಿದೆ. ಆ ಗಳಿಗೆಯಲ್ಲಿ ಸಿಟ್ಟಿನಿಂದ ಕ್ಯಾಸೆಟ್ಟನ್ನು ಎಳೆದರೆ ಟೇಪೂ ಹೋಗುತ್ತದೆ, ಬಾಗಿಲಿನ ಕೊಕ್ಕೆಯೂ ಮುರಿಯುತ್ತದೆ. ಸ್ವಿಚ್ ಆರಿಸಿ, ರೋಲರನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸಿ ಟೇಪು ಬಿಡಿಸಿ, ಆರು ಮೂಲೆಯ ಪೆನ್ಸಿಲ್ಲಿನಿಂದ ಮೆಲ್ಲಗೆ ಒಳಗೆ ಸುತ್ತಿ.

ರಬ್ಬರಿನ ಬೆಲ್ಟಿಗೆ ವಯಸ್ಸು ನಿಜವಾಗಿಯೂ ತಾಗುತ್ತದೆ. ಕೆಲವು ಹಿಗ್ಗುತ್ತವೆ, ಕೆಲವು ಕರಗಿ ಡಾಂಬರಿನಂತಾಗಿ ಗಾಲಿಗಳಿಗೆ ಮೆತ್ತಿಕೊಳ್ಳುತ್ತವೆ. ಆದರೆ ಬದಲಿಸಲೆಂದೇ ಮಾಡಿದ ಭಾಗ ಅದು. ಡಾಂಬರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ತೆಗೆದು, ಹಳೆಯ ಬೆಲ್ಟ್ ಓಡುತ್ತಿದ್ದ ದಾರಿಯನ್ನು ದಾರದಿಂದ ಅಳೆದು, ಆ ಅಳತೆಗಿಂತ ಸ್ವಲ್ಪ ಚಿಕ್ಕ ಬೆಲ್ಟ್ ತರಬೇಕು. ದಪ್ಪವೂ ಹೊಂದಬೇಕು. ಬೆಲ್ಟಿನ ಬದಲು ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ತೊಡಿಸುವುದು ನಮ್ಮಲ್ಲಿ ಹಳೆಯ ಚಾಳಿ. ಅದರ ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಸ್ವರ ಅಲುಗಾಡುತ್ತದೆ. ಬಿಗಿ ಹೆಚ್ಚಾದರೆ ಮೋಟಾರಿನ ಬೇರಿಂಗ್ ಸವೆಯುತ್ತದೆ. ಹೆಡ್ಡಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 3.81 ಮಿಲಿಮೀಟರ್ ಅಗಲದ ಟೇಪಿನಲ್ಲಿ ಎರಡು ಬದಿಗೂ ಸೇರಿ ನಾಲ್ಕು ಜಾಡುಗಳಿರುತ್ತವೆ, ಒಂದೊಂದರ ಅಗಲ 0.6 ಮಿಲಿಮೀಟರ್ ಮಾತ್ರ. ಅದನ್ನು ಓದುವ ಹೆಡ್ಡಿನ ಸೀಳು ತಲೆಗೂದಲಿಗಿಂತ ಎಷ್ಟೋ ಪಟ್ಟು ಕಿರಿದು. ಅಲ್ಲಿ ಕಂದು ಬಣ್ಣದ ಕೊಳೆ ಕೂತರೆ ಹಾಡು ಕಂಬಳಿ ಹೊದ್ದಂತೆ ಕೇಳುತ್ತದೆ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ ಸ್ವರ ಬಿಚ್ಚಿಕೊಳ್ಳುತ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಹೆಡ್ಡಿನ ಪಕ್ಕದಲ್ಲಿ ಬಣ್ಣದ ಚುಕ್ಕಿ ಇಟ್ಟು ಬಿಗಿದ ಸ್ಕ್ರೂ ಕಂಡರೆ ಅದನ್ನು ಮುಟ್ಟಲೇಬಾರದು. ಹೆಡ್ಡಿನ ಓರೆಯನ್ನು ಕಾರ್ಖಾನೆಯಲ್ಲಿ ಹೊಂದಿಸಿ ಗುರುತು ಹಾಕಿದ ಸ್ಕ್ರೂ ಅದು.

ಕರೆಂಟಿನ ಲೆಕ್ಕ ತಪ್ಪಿದರೆ

ಈಗ ಬೆಂಗಳೂರಿನ ಸಂಡೇ ಬಜಾರಿನಲ್ಲೂ ಆನ್‌ಲೈನ್ ಮಾರಾಟದಲ್ಲೂ ಸಿಗುವ ಸೆಟ್ಟುಗಳಲ್ಲಿ ಹೊರದೇಶದಿಂದ ಬಂದವೂ ಇವೆ. ಜಪಾನಿನ ಒಳಮಾರುಕಟ್ಟೆಗೆಂದೇ ಮಾಡಿದ ಸೆಟ್ಟು 100 ವೋಲ್ಟಿನದು, ಅಮೆರಿಕದ್ದು 120 ವೋಲ್ಟಿನದು. ನಮ್ಮ ಮನೆಯ ಕರೆಂಟು 230 ವೋಲ್ಟ್. ಪಿನ್ ಹೇಗೋ ಹೊಂದಿಸಿ ನೇರವಾಗಿ ಸಿಕ್ಕಿಸಿದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಅದೇ ಅಳತೆಯ ಹೊಸ ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ಪ್ಲಗ್ ಹಾಕುವ ಮೊದಲು ಹಿಂಬದಿಯ ಚೀಟಿ ಓದಬೇಕು. ವೋಲ್ಟೇಜ್ ಬದಲಿಸುವ ತಿರುಪು ಇದ್ದರೆ 220 ಅಥವಾ 240ಕ್ಕೆ ತಿರುಗಿಸಬೇಕು. ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳಬೇಕು. ಅಡಾಪ್ಟರ್‌ನಲ್ಲಿ ಇನ್ನೊಂದು ಅಪಾಯವಿದೆ. ಇಂದಿನ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ನಡುಭಾಗ ಪ್ಲಸ್, ಆದರೆ ಹಳೆಯ ಜಪಾನೀ ಸೆಟ್ಟು ಮತ್ತು ವಾಕ್‌ಮನ್‌ಗಳಲ್ಲಿ ಅನೇಕಕ್ಕೆ ನಡುಭಾಗ ಮೈನಸ್. ಸಾಕೆಟ್ಟಿನ ಪಕ್ಕದ ಸಣ್ಣ ಚಿತ್ರದಲ್ಲಿ ಪ್ಲಸ್ ಎಲ್ಲಿದೆ ಎಂದು ನೋಡದೆ ಚುಚ್ಚಿದರೆ ಕ್ಷಣದಲ್ಲಿ ಸರ್ಕ್ಯೂಟ್ ಹೋಗಬಹುದು.

ಜಪಾನಿನ ಸೆಟ್ಟಿನಲ್ಲಿ ಎಫ್‌ಎಂ ಬರುವುದಿಲ್ಲ ಎಂಬ ಕಾರಣಕ್ಕೆ ಒಳಗೆ ಕೈ ಹಾಕುವವರೂ ಇದ್ದಾರೆ. ಆ ಕಾಲದ ಜಪಾನಿನ ಎಫ್‌ಎಂ ಪಟ್ಟಿ 76ರಿಂದ 90 ಮೆಗಾಹರ್ಟ್ಸ್‌ವರೆಗೆ. ಬೆಂಗಳೂರಿನ ರೇನ್‌ಬೋ 101.3ರಲ್ಲಿದೆ, ವಿವಿಧ ಭಾರತಿ 102.9ರಲ್ಲಿದೆ. ಅವು ಆ ಮುಳ್ಳಿಗೆ ಸಿಗುವ ಜಾಗದಲ್ಲೇ ಇಲ್ಲ. ಸೆಟ್ಟಿನಲ್ಲಿ ದೋಷವಿಲ್ಲ, ದೇಶ ಬೇರೆ. ಇದು ತಿಳಿಯದೆ ಸ್ಕ್ರೂಡ್ರೈವರ್ ಹಿಡಿದು ಸಿಕ್ಕ ಸಿಕ್ಕ ಕಾಯಿಲ್ ತಿರುಗಿಸಿದರೆ ಇದ್ದ ಟ್ಯೂನಿಂಗೂ ಕೆಡುತ್ತದೆ. ಅಳತೆಯ ಉಪಕರಣವಿಲ್ಲದೆ ಅದನ್ನು ಮತ್ತೆ ಹೊಂದಿಸುವುದು ಬಲು ಕಷ್ಟ. ರೇಡಿಯೊಗಾಗಿಯೇ ಕೊಳ್ಳುವವರು ಮುಂಭಾಗದ ಅಂಕಿ ನೋಡಿ ಕೊಳ್ಳಬೇಕು, 108ರವರೆಗೆ ಇದ್ದರೆ ಮಾತ್ರ ನಮ್ಮೂರಿಗೆ ಪೂರ್ತಿ ಹೊಂದುತ್ತದೆ.

ಮೈ ತೊಳೆಯುವುದು, ಮಳೆಗಾಲ ಕಳೆಯುವುದು

ಹೊರಮೈಯ ವಿಷಯದಲ್ಲಿ ಅತಿಯಾದ ಪ್ರೀತಿಯೇ ಹಾಳು ಮಾಡುತ್ತದೆ. ಹೊಳಪು ಬರಲೆಂದು ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರಾವಣ ಹಚ್ಚಿದರೆ ಕ್ಯಾಸೆಟ್ ಬಾಗಿಲಿನ ಪಾರದರ್ಶಕ ಪ್ಲಾಸ್ಟಿಕ್ ಕರಗಿ ಮಂಜಾಗುತ್ತದೆ, ಮುಂಭಾಗದ ಅಕ್ಷರಗಳು ಅಳಿಸುತ್ತವೆ. ಹೆಡ್ಡಿಗೆ ಅಮೃತವಾದ ಆಲ್ಕೋಹಾಲ್ ಕೂಡ ಅಚ್ಚಿನ ಅಕ್ಷರಕ್ಕೆ ವಿಷ. ಮೈಗೆ ಬೇಕಾದದ್ದು ಹಿಂಡಿದ ಮೆತ್ತನೆಯ ಬಟ್ಟೆ, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ, ಮೂಲೆಗಳಿಗೆ ಪೇಂಟಿಂಗ್ ಬ್ರಷ್, ಇಷ್ಟೇ. ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ ಬಾಗಿಲಿನ ಕೀಲಿಗೆ ಹೊಡೆಯುವ ಎಣ್ಣೆಯ ಸ್ಪ್ರೇ ಹೊಡೆಯಬೇಡಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್‌ನ ಒಂದು ಹನಿ ಬಿಟ್ಟು, ಗುಂಡಿಯನ್ನು ಇಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಸದ್ದು ಅಡಗುತ್ತದೆ. ಗೀರು ಮುಚ್ಚಲು ಪೇಂಟು ಬಳಿಯುವುದು ಮಾತ್ರ ಖಂಡಿತ ಬೇಡ. ಗೀರು ಸೆಟ್ಟಿನ ಆಯುಸ್ಸಿನ ಗುರುತು. ಪೇಂಟಾದರೆ ಕೆಳಗಿನ ಹೆಸರು, ಅಂಕಿ, ಗೆರೆ ಎಲ್ಲವನ್ನೂ ನುಂಗುತ್ತದೆ, ತೆಗೆಯಲು ಹೋದರೆ ಅವೂ ಜೊತೆಗೇ ಬರುತ್ತವೆ.

ಮಲೆನಾಡು, ಕರಾವಳಿಗಳ ಮಳೆಗಾಲ ಈ ಸೆಟ್ಟುಗಳಿಗೆ ಪರೀಕ್ಷೆಯ ಕಾಲ. ತೇವಕ್ಕೆ ಸ್ಪೀಕರಿನ ಕಾಗದ ಬೂಷ್ಟು ಹಿಡಿಯುತ್ತದೆ, ಫೋಮಿನ ಅಂಚಿದ್ದರೆ ಪುಡಿಯಾಗುತ್ತದೆ, ಸ್ವಿಚ್ಚುಗಳ ಒಳಗೆ ಕಿಲುಬು ಕಟ್ಟುತ್ತದೆ. ಹಾಗೆಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಅಟ್ಟಕ್ಕೆ ಹಾಕಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಹಂಚಿನ ಅಥವಾ ತಗಡಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾದು, ಮಳೆಗಾಲದಲ್ಲಿ ತೊಯ್ದು, ಎರಡೂ ಕಡೆಯಿಂದ ಕೊಲ್ಲುತ್ತದೆ. ಮನುಷ್ಯರು ಓಡಾಡುವ ಕೋಣೆಯ ಕಪಾಟಿನಲ್ಲಿ, ಬಿಸಿಲು ನೇರ ಬೀಳದ ಕಡೆ, ಹತ್ತಿಬಟ್ಟೆ ಹೊದಿಸಿ, ಸಿಲಿಕಾ ಜೆಲ್ಲಿನ ಪೊಟ್ಟಣ ಪಕ್ಕಕ್ಕಿಟ್ಟರೆ ಸಾಕು. ನುಸಿಗುಳಿಗೆ ಮಾತ್ರ ಇಡಬೇಡಿ. ನ್ಯಾಫ್ತಲೀನ್ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ. ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಹಾಡಿಸಿ. ನಿಂತ ನೀರಿನಂತೆ ನಿಂತ ಯಂತ್ರವೂ ಕೆಡುತ್ತದೆ. ಓಡಿಸದೆ ಬಿಟ್ಟ ಬೆಲ್ಟ್ ಗಾಲಿಯ ಮೇಲೆ ಕೂತ ಜಾಗದಲ್ಲೇ ಬಾಗಿ ಗಟ್ಟಿಯಾಗುತ್ತದೆ.

ಬ್ಲೂಟೂತಿಗಾಗಿ ಹೊಟ್ಟೆ ಬಗೆಯಬೇಕೇ?

ಇತ್ತೀಚಿನ ದೊಡ್ಡ ಗಂಡಾಂತರ ಇದು. ಹಳೆಯ ಸೆಟ್ಟಿನ ಒಳಗಿರುವುದನ್ನೆಲ್ಲ ಕಿತ್ತೆಸೆದು, ಕ್ಯಾಸೆಟ್ ಬಾಗಿಲಿನ ಜಾಗದಲ್ಲಿ ರಂಧ್ರ ಕೊರೆದು, ಬ್ಲೂಟೂತ್ ಬೋರ್ಡು ಮತ್ತು ಬಣ್ಣದ ದೀಪ ಕೂರಿಸಿ 'ವಿಂಟೇಜ್ ಸ್ಪೀಕರ್' ಎಂದು ಮಾರುತ್ತಾರೆ. ಕೆಫೆಗಳ ಗೋಡೆಗೆ, ಮದುವೆಯ ಫೋಟೊ ಮಂಟಪಕ್ಕೆ ಅಲಂಕಾರವಾಗಿ ಮೊಳೆ ಹೊಡೆದು ಕೂರಿಸುವುದೂ ಉಂಟು. ಇದಕ್ಕೆ ಕೊಡುವ ಸಮರ್ಥನೆ, ಸುಮ್ಮನೆ ಬಿದ್ದಿದ್ದ ಪೆಟ್ಟಿಗೆಗೆ ಜೀವ ಕೊಟ್ಟೆವು ಎಂಬುದು. ಈ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಬಳಕೆಯಾಗುವ ವಸ್ತು ಗುಜರಿ ಸೇರುವ ವಸ್ತುವಿಗಿಂತ ಮೇಲು. ಆದರೆ ಫೋನಿನ ಹಾಡು ಈ ಪೆಟ್ಟಿಗೆಯಲ್ಲಿ ಕೇಳಬೇಕೆಂದರೆ ಕೊಯ್ಯುವ ಅಗತ್ಯವೇ ಇಲ್ಲ. ಒಳ್ಳೆಯ ಸೆಟ್ಟುಗಳಲ್ಲಿ ಹೆಚ್ಚಿನವಕ್ಕೆ ಹಿಂಬದಿಯಲ್ಲಿ ಲೈನ್ ಇನ್ ಸಾಕೆಟ್ ಇದೆ, ಯೂರೋಪಿನ ಸೆಟ್ಟುಗಳಲ್ಲಿ ಅದು ಐದು ಪಿನ್ನಿನ ಗುಂಡನೆಯ ಡಿಐಎನ್ ಸಾಕೆಟ್ ಆಗಿರುತ್ತದೆ. ಅಲ್ಲಿಗೆ ಸಣ್ಣ ಬ್ಲೂಟೂತ್ ರಿಸೀವರ್ ಒಂದನ್ನು ವೈರಿನಿಂದ ಜೋಡಿಸಿದರೆ ಕೆಲಸ ಮುಗಿಯಿತು. ಅಂಥ ಸಾಕೆಟ್ ಇಲ್ಲದ ಸೆಟ್ಟಿಗೆ, ವೈರಿರುವ ಕ್ಯಾಸೆಟ್ ಆಕಾರದ ಅಡಾಪ್ಟರ್ ಸಿಗುತ್ತದೆ. ಬೇಡವೆನಿಸಿದ ದಿನ ಎರಡನ್ನೂ ಕಿತ್ತರೆ ಸೆಟ್ಟು ಇದ್ದಂತೆಯೇ ಉಳಿಯುತ್ತದೆ. ಒಂದೇ ಫಲ ಕೊಡುವ ಎರಡು ದಾರಿಗಳಲ್ಲಿ ಒಂದು ಹಿಂದಕ್ಕೆ ಬರಬಹುದಾದದ್ದು, ಇನ್ನೊಂದು ಬರಲಾಗದ್ದು ಎಂದಾದರೆ ಎರಡನೆಯದನ್ನು ಆರಿಸಲು ಯಾವ ಕಾರಣವೂ ಉಳಿಯುವುದಿಲ್ಲ.

ಸೆಟ್ಟು ನಿಜವಾಗಿಯೂ ಸತ್ತಿದ್ದರೆ? ಬೋರ್ಡು ಒಡೆದು, ಟ್ರಾನ್ಸ್‌ಫಾರ್ಮರ್ ಸುಟ್ಟು, ಹೆಡ್ಡೂ ಸವೆದಿದ್ದರೆ ಅದರ ಕ್ಯಾಬಿನೆಟ್ಟನ್ನು ಬೇರೆ ಕೆಲಸಕ್ಕೆ ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಒಳಗಿನಿಂದ ತೆಗೆದ ಗಾಲಿ, ಗುಂಡಿ, ಮೋಟಾರ್, ಬಾಗಿಲುಗಳನ್ನು ಎಸೆಯಬೇಡಿ. ಅದೇ ಮಾಡೆಲ್ಲಿನ ಇನ್ನೊಂದು ಸೆಟ್ಟಿಗೆ ಅವು ಜೀವ. ಇಂದು ಹೊಸದಾಗಿ ಮಾರಾಟಕ್ಕಿರುವ ಕ್ಯಾಸೆಟ್ ಪ್ಲೇಯರ್‌ಗಳಲ್ಲಿ ಬಹುಪಾಲು, ಜಪಾನಿನ ತಾನಾಶಿನ್ ಕಂಪನಿ ರೂಪಿಸಿದ್ದ ಅಗ್ಗದ ಮೆಕ್ಯಾನಿಸಂನ ನಕಲನ್ನೇ ಬಳಸುತ್ತವೆ. ಹಳೆಯ ಸೆಟ್ಟುಗಳ ತೂಕದ ಗಾಲಿ, ಗಟ್ಟಿ ಹೆಡ್ಡು, ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಸರ್ಕ್ಯೂಟ್ ಇವುಗಳಲ್ಲಿಲ್ಲ. ಸೋನಿ ಕಂಪನಿ ಜಪಾನಿನ ಮಾರುಕಟ್ಟೆಗೆ ಕ್ಯಾಸೆಟ್ ವಾಕ್‌ಮನ್ ಕಳಿಸುವುದನ್ನು 2010ರಲ್ಲೇ ನಿಲ್ಲಿಸಿತು. ಅಂದಿನ ಗುಣಮಟ್ಟದ ಯಂತ್ರವನ್ನು ಮತ್ತೆ ತಯಾರಿಸುವವರಿಲ್ಲ. ಉಳಿದಿರುವುದು ಉಳಿದಷ್ಟೇ.

ಕೇಳಬಹುದಾದ ಪ್ರಶ್ನೆಗಳು

'ದುಡ್ಡು ಕೊಟ್ಟು ತಂದ ವಸ್ತು, ನಾನು ಏನಾದರೂ ಮಾಡಿಕೊಳ್ಳುತ್ತೇನೆ' ಎಂಬುದು ಮೊದಲ ಆಕ್ಷೇಪ. ಕಾನೂನಿನ ಪ್ರಕಾರ ಅದು ಸರಿ, ಯಾರೂ ತಡೆಯಲಾರರು. ಆದರೆ ಸ್ವಂತ ಲಾಭದ ಲೆಕ್ಕದಲ್ಲೇ ಅದು ತಪ್ಪು. ಮೂಲ ರೂಪದಲ್ಲಿ ಕೆಲಸ ಮಾಡುವ ಸೆಟ್ಟಿಗೂ ಪೇಂಟು ಬಳಿದು ಬಗೆದ ಸೆಟ್ಟಿಗೂ ಸಿಗುವ ಬೆಲೆಯಲ್ಲಿ ಅಜಗಜಾಂತರವಿದೆ. ಲಾಭ ಬೇಡವೆಂದರೂ, ಬೇಡವಾದ ವಸ್ತುವನ್ನು ಕೆಡಿಸುವುದಕ್ಕಿಂತ ಬೇಕಾದವರಿಗೆ ಕೊಡುವುದು ಸುಲಭ. 'ಲಕ್ಷಗಟ್ಟಲೆ ತಯಾರಾದ ಪ್ಲಾಸ್ಟಿಕ್ ಡಬ್ಬಕ್ಕೆ ಇಷ್ಟು ಮರ್ಯಾದೆಯೇ? ಇದೇನು ವೀಣೆಯೇ?' ಎಂಬುದು ಎರಡನೆಯದು. ವೀಣೆಯನ್ನು ಇಂದಿಗೂ ಮಾಡುವ ಕೈಗಳಿವೆ, ಇದನ್ನು ಮಾಡುವ ಕಾರ್ಖಾನೆ ಇಲ್ಲ. ಅಲ್ಲದೆ, ಎಲ್ಲರ ಮನೆಯಲ್ಲೂ ಇದ್ದ ವಸ್ತುವೇ ಮೊದಲು ಮಾಯವಾಗುತ್ತದೆ. ಎಲ್ಲರಲ್ಲೂ ಇದೆಯಲ್ಲ ಎಂದು ಯಾರೂ ಜೋಪಾನ ಮಾಡುವುದಿಲ್ಲ. ಒರಳು, ಲಾಟೀನುಗಳು ಹೀಗೆಯೇ ಕಣ್ಮರೆಯಾದವು.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: 'ಫೋನಿನಲ್ಲಿ ಎಲ್ಲ ಹಾಡೂ ಇರುವಾಗ ಕ್ಯಾಸೆಟ್ ಪೆಟ್ಟಿಗೆ ಯಾಕೆ?' ಅಂಗಡಿಯಲ್ಲಿ ಮಾರಾಟವಾದ ಹಾಡುಗಳು ಬಹುಮಟ್ಟಿಗೆ ಫೋನಿನಲ್ಲಿವೆ, ನಿಜ. ಆದರೆ ಅಜ್ಜಿ ಹಾಡಿದ ಸೋಬಾನೆ, ಊರಿನ ಬಯಲಾಟದ ಭಾಗವತರ ಪದ, ಮಗುವಿನ ಮೊದಲ ತೊದಲು, ಕೊಲ್ಲಿಯಿಂದ ಮಗ ಕಾಗದದ ಬದಲು ಮಾತಾಡಿ ಕಳಿಸಿದ ಕ್ಯಾಸೆಟ್ ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲ. ಅವು ಇರುವುದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಆ ಕ್ಯಾಸೆಟ್ಟಿನ ಬಾಯಿ ಬಿಡಿಸುವ ಬೀಗದ ಕೈ ಈ ಪೆಟ್ಟಿಗೆ. ಹೆಡ್ಡು ಚೊಕ್ಕಟವಾಗಿದ್ದು ಬೆಲ್ಟ್ ಸರಿಯಿರುವ ಸೆಟ್ಟಿನ ಲೈನ್ ಔಟ್ ಅಥವಾ ಇಯರ್‌ಫೋನ್ ಸಾಕೆಟ್ಟಿನಿಂದ ಕಂಪ್ಯೂಟರಿಗೆ ವೈರ್ ಜೋಡಿಸಿದರೆ ಆ ದನಿಗಳನ್ನು ಫೈಲಾಗಿ ಉಳಿಸಿಕೊಳ್ಳಬಹುದು. ಅದಕ್ಕೆ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಸಣ್ಣ ಪ್ಲಾಸ್ಟಿಕ್ ಚಿಪ್ಪುಗಳನ್ನು ಮುರಿಯಿರಿ. ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ದನಿ ಅಳಿಸುವುದಿಲ್ಲ.

ನಾಲ್ಕನೆಯ ಆಕ್ಷೇಪ ಸಂಗ್ರಾಹಕರ ಮೇಲೆ: ಅವರೇ ಬೆಲೆ ಏರಿಸುತ್ತಾರೆ, ತಾವು ಮಾತ್ರ ಕೂಡಿಟ್ಟುಕೊಳ್ಳುತ್ತಾರೆ, ಮುಟ್ಟಲು ಬಿಡುವುದಿಲ್ಲ. ಇದರಲ್ಲಿ ಸತ್ಯವಿದೆ, ಒಪ್ಪಿಕೊಳ್ಳಲೇಬೇಕು. ಐವತ್ತು ಸೆಟ್ ಪೇರಿಸಿಟ್ಟು ಒಂದನ್ನೂ ಹಾಡಿಸದವರು, ಒಂದು ಸೆಟ್ಟಿನ ಗುಂಡಿಗಾಗಿ ಸರಿಯಿರುವ ಇನ್ನೊಂದನ್ನು ಬಿಚ್ಚುವವರು ಮನೆಯ ಅಟ್ಟದಲ್ಲಿ ಮರೆತವರಷ್ಟೇ ತಪ್ಪಿತಸ್ಥರು. ಕಾಪಾಡುವುದೆಂದರೆ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸುವುದಲ್ಲ. ಮದುವೆಮನೆಯ ಅಂಗಳದಲ್ಲಿ, ಗದ್ದೆಯ ಬದುವಿನಲ್ಲಿ ಹಾಡಲೆಂದು ಮಾಡಿದ ಯಂತ್ರ ಹಾಡುತ್ತಿದ್ದರೆ ಮಾತ್ರ ಉಳಿದಂತೆ. ಸೆಟ್ ಕೆಡಿಸಿದವರ ಮೇಲಿನ ಸಿಟ್ಟು ಬಿಟ್ಟು ತಿಳಿವಳಿಕೆ ಹಂಚುವುದು ಸಂಗ್ರಾಹಕರ ಪಾಲಿನ ಕರ್ತವ್ಯ.

ರಿಪೇರಿ, ಮಾರಾಟ, ವಿಲೇವಾರಿ

ರಿಪೇರಿಗೆ ಊರಿನ ಹಳೆಯ ರೇಡಿಯೊ ಮೆಕ್ಯಾನಿಕ್ ಇನ್ನೂ ಅಂಗಡಿ ತೆರೆದಿದ್ದರೆ ಅವರಲ್ಲಿಗೇ ಹೋಗಿ, ಅವರ ಕೈಗೆ ಈ ಯಂತ್ರದ ಪರಿಚಯವಿದೆ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರೋಡ್ ಇದೆ. ಕೊಡುವಾಗ ಮೂರು ಮಾತು ಹೇಳಿ: ಬದಲಿಸಿದ ಹಳೆಯ ಭಾಗಗಳನ್ನು ಹಿಂದಕ್ಕೆ ಕೊಡಿ, ಕ್ಯಾಬಿನೆಟ್ ಕೊರೆಯಬೇಡಿ, ಸಿಗದ ಭಾಗವಿದ್ದರೆ ಹಾಗೆಯೇ ಬಿಡಿ. ಕರೆಂಟಿನ ಕಡೆಯ ಕೆಲಸವನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ಕೊರಿಯರಿನಲ್ಲಿ ಕಳಿಸುವುದಾದರೆ ಸೆಲ್ ತೆಗೆದು, ಆಂಟೆನಾ ಮಡಚಿ, ಎರಡು ರಟ್ಟಿನ ಪೆಟ್ಟಿಗೆಗಳ ನಡುವೆ ಮೆತ್ತೆ ತುಂಬಿ. ತೂಕದ ಸೆಟ್ಟು ಬಿದ್ದರೆ ಮೊದಲು ಬಿರಿಯುವುದು ಹಿಡಿಕೆಯ ಬುಡ. ಯಾವುದಕ್ಕೂ ಬಾರದ ಅವಶೇಷವನ್ನು ಕಸದ ಗಾಡಿಗೆ ಹಾಕದೆ ಅಧಿಕೃತ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ. ದೇಶದ ಹೊಸ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ಕೊನೆಯದಾಗಿ ಒಂದೇ ಕೋರಿಕೆ. ನಿಮ್ಮ ಮನೆಯಲ್ಲೋ ತವರಿನಲ್ಲೋ ಅಂಥ ಒಂದು ಪೆಟ್ಟಿಗೆ ಇದ್ದರೆ ಇವತ್ತೇ ಕೆಳಗಿಳಿಸಿ. ಒರೆಸುವುದು, ಹಾಡಿಸುವುದು, ಬೆಲ್ಟ್ ಹುಡುಕುವುದು ನಿಧಾನವಾಗಿ ಆಗಲಿ. ಮೊದಲು ಹಿಂದಿನ ಮುಚ್ಚಳ ತೆಗೆದು, ಒಳಗಿರುವ ಸೆಲ್ಲುಗಳನ್ನು ಹೊರಗೆ ಹಾಕಿ.